ಕಟ್ಟುವ ಕೈ, ಬಿಚ್ಚುವ ಕೈ

ಶಿವರಾತ್ರಿಯ ಮುಂಚಿನ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರು, ಕೌದಳ್ಳಿಗಳ ಮೇಲೆ ಮಲೆಯ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಪರಿಷೆಯನ್ನು ಕಂಡವರಿಗೆ ಒಂದು ನೋಟವು ಪರಿಚಿತವಾಗಿಯೇ ಇರುವುದು. ತಾಳಬೆಟ್ಟವನ್ನು ಸೇರುವ ಹೊತ್ತಿಗೆ ಯಾವನೋ ಒಬ್ಬನ ಹೆಜ್ಜೆ ಕಲ್ಲಿನ ಮೇಲೆ ತಪ್ಪಿ ಕಾಲಿನ ಹರಡು ಉಳುಕಿರುತ್ತದೆ. ಅವನು ದಾರಿಯ ಬದಿಯಲ್ಲಿ ಕುಳಿತುಬಿಡುತ್ತಾನೆ. ಗುರುತು ಪರಿಚಯವಿಲ್ಲದ ಮತ್ತೊಬ್ಬ ಯಾತ್ರಿಕನು ತನ್ನ ಹೆಗಲ ವಸ್ತ್ರವನ್ನು ಹರಿದು, ಆ ಕಾಲನ್ನು ತನ್ನ ತೊಡೆಯ ಮೇಲಿರಿಸಿಕೊಂಡು, ಸುತ್ತಿ ಸುತ್ತಿ ಬಿಗಿದು ಕಟ್ಟುತ್ತಾನೆ. ಉಳುಕಿದವನು ಎದ್ದು ನಿಂತು ಎರಡು ಹೆಜ್ಜೆ ಹಾಕಿ ನೋಡುತ್ತಾನೆ. ನೋವು ಇಳಿದಂತೆ ತೋರುತ್ತದೆ. ಇಬ್ಬರೂ ಮಾದಪ್ಪನಿಗೆ ಉಘೇ ಎಂದು ಕೂಗಿ ಮುಂದೆ ನಡೆಯುತ್ತಾರೆ. ಕಟ್ಟಿದವನು ಜನಜಂಗುಳಿಯಲ್ಲಿ ಮರೆಯಾಗುತ್ತಾನೆ.

ಇದಕ್ಕಿಂತ ನಿಷ್ಕಪಟವಾದ ಪರೋಪಕಾರವನ್ನು ಊಹಿಸುವುದು ಕಷ್ಟ. ಆದರೆ ಕಥೆಯು ಇಲ್ಲಿಗೇ ಮುಗಿಯುವುದಿಲ್ಲ. ಇರುಳು ಕಳೆಯುವಷ್ಟರಲ್ಲಿ ಉಳುಕಿದ ಕಾಲು ಬಾತುಕೊಳ್ಳುತ್ತದೆ. ಬಟ್ಟೆಯು ಮಾತ್ರ ಇದ್ದಷ್ಟೇ ಇರುತ್ತದೆ. ನಿನ್ನೆ ಆಸರೆಯಾಗಿದ್ದ ಸುತ್ತು ಇಂದು ಬಳೆಯಂತೆ ಮಾಂಸವನ್ನು ಕಚ್ಚುತ್ತದೆ, ಬೆರಳುಗಳು ತಣ್ಣಗಾಗಿ ನೀಲಿ ಬಣ್ಣಕ್ಕೆ ತಿರುಗುತ್ತವೆ. ಇದು ಯಾರ ತಪ್ಪು? ಕಟ್ಟಿದವನ ಮನಸ್ಸು ಶುದ್ಧವಾಗಿತ್ತು, ಕಟ್ಟಿದ ಗಳಿಗೆಯಲ್ಲಿ ಕಟ್ಟೂ ಸರಿಯಾಗಿತ್ತು. ಆದರೂ ಕೇಡಾಯಿತು. ಕಟ್ಟುವುದರಿಂದ ಉಪಕಾರಿಯ ಕರ್ತವ್ಯವು ಮುಗಿಯುತ್ತದೆಯೋ, ಅಲ್ಲಿಂದ ಮೊದಲಾಗುತ್ತದೆಯೋ? ಈ ಪ್ರಶ್ನೆಯನ್ನೇ ವಾಚಕರೊಡನೆ ಕೊಂಚ ವಿಚಾರಿಸಬೇಕೆಂಬುದು ಈ ಲೇಖನದ ಉದ್ದೇಶ.

ನಮ್ಮ ಭಾಷೆಯಲ್ಲಿ ಕಟ್ಟು ಎಂಬ ಮಾತು ವಿಚಿತ್ರವಾದುದು. ಮನೆಯನ್ನು ಕಟ್ಟುತ್ತೇವೆ, ಹೂವನ್ನು ಕಟ್ಟುತ್ತೇವೆ, ಗಾಯಕ್ಕೆ ಕಟ್ಟು ಹಾಕುತ್ತೇವೆ. ದನವನ್ನು ಕಟ್ಟುವುದೂ, ಕಳ್ಳನ ಕೈಯನ್ನು ಕಟ್ಟುವುದೂ ಅದೇ ಕ್ರಿಯಾಪದದಿಂದಲೇ. ಮಠಕ್ಕೂ ಮನೆತನಕ್ಕೂ ಕಟ್ಟುಕಟ್ಟಳೆಗಳಿವೆ. ನಿರ್ಮಾಣ, ರಕ್ಷಣೆ, ನಿರ್ಬಂಧ ಮೂರನ್ನೂ ಒಂದೇ ಮಾತಿನಲ್ಲಿ ಇಟ್ಟ ನಮ್ಮ ಹಿರಿಯರು, ಈ ಮೂರರ ನಡುವಣ ಗಡಿಯು ಎಷ್ಟು ತೆಳ್ಳಗಿದೆಯೆಂಬುದನ್ನು ಅರಿತಿದ್ದರೇನೋ ಎನ್ನಿಸುತ್ತದೆ.

ಗಡಿಯನ್ನು ಗುರುತಿಸುವ ಕಾರ್ಯವನ್ನು ನಮ್ಮಲ್ಲಿ ಬಹು ಹಿಂದೆಯೇ ಶ್ರದ್ಧೆಯಿಂದ ಮಾಡಿದವರು ವೈದ್ಯರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹದಿನಾಲ್ಕು ಬಗೆಯ ಬಂಧಗಳು ಹೇಳಲ್ಪಟ್ಟಿವೆ. ಬೆರಳ ಗೆಣ್ಣುಗಳಿಗೆ ಕೋಶ, ಕೀಲುಗಳಿಗೆ ಸ್ವಸ್ತಿಕ, ಗಲ್ಲ ಮೂಗುಗಳಿಗೆ ಗೋಫಣ, ಹೀಗೆ ಅಂಗಕ್ಕೆ ತಕ್ಕ ಬಂಧ. ಕಟ್ಟುವ ವಸ್ತುಗಳ ಪಟ್ಟಿಯಲ್ಲಿ ಹತ್ತಿ, ಉಣ್ಣೆ, ನಾರು, ಚರ್ಮಗಳ ಜೊತೆಗೆ ರೇಷ್ಮೆಯೂ ಇದೆಯೆಂಬುದನ್ನು ಕೇಳಿದರೆ ಕೊಳ್ಳೇಗಾಲದ ನೇಕಾರರಿಗೆ ಸಂತೋಷವಾದೀತು. ಆದರೆ ಹೆಚ್ಚು ಗಮನಾರ್ಹವಾದುದು ಬಿಗಿಯ ವಿಚಾರ. ಗಾಢ, ಸಮ, ಶಿಥಿಲ ಎಂದು ಬಿಗಿಯು ಮೂರು ತೆರ. ತೊಡೆ, ಸೊಂಟ, ತಲೆಗಳಿಗೆ ಗಾಢವು ಸಲ್ಲುವುದು. ಕೈಕಾಲು, ಬೆನ್ನು, ಎದೆಗಳಿಗೆ ಸಮ. ಕಣ್ಣಿಗೂ ಸಂಧಿಗಳಿಗೂ ಶಿಥಿಲ. ಗಾಢವೆಂದರೂ ನೋವುಂಟುಮಾಡದಷ್ಟು ಮಾತ್ರ ಗಾಢ. ಶಿಥಿಲವೆಂದರೆ ಒಳಗಿನ ಅಂಗಕ್ಕೆ ಉಸಿರಾಡಲು ಎಡೆಯಿರುವಂಥದು. ಅಂದರೆ ಎಲ್ಲ ಅಂಗಕ್ಕೂ ಒಂದೇ ಬಿಗಿಯೆಂಬುದು ಶಾಸ್ತ್ರಸಮ್ಮತವಲ್ಲ. ಕಣ್ಣನ್ನು ತೊಡೆಯಂತೆ ಕಟ್ಟುವವನು ವೈದ್ಯನಲ್ಲ.

ಮೂಳೆ ಮುರಿದಾಗಿನ ವಿಧಿಯು ಇನ್ನೂ ಸ್ವಾರಸ್ಯವಾದುದು. ಅತ್ತಿ, ಅರಳಿ, ಆಲ, ಮುತ್ತುಗ ಮೊದಲಾದ ಮರಗಳ ತೊಗಟೆಯನ್ನೋ ಬಿದಿರಿನ ದಬ್ಬೆಯನ್ನೋ ಇಟ್ಟು ಕಟ್ಟಬೇಕು. ಕಟ್ಟು ಸಡಿಲವಾದರೆ ಸಂಧಿಯು ನಿಲ್ಲುವುದಿಲ್ಲ. ಅತಿಯಾಗಿ ಬಿಗಿದರೆ ಬಾವು, ನೋವು, ಕೀವು. ಆದಕಾರಣ ನಡುವಣ ಬಿಗಿಯೇ ಶ್ರೇಷ್ಠ. ಇಷ್ಟು ಹೇಳಿ ಗ್ರಂಥವು ಸುಮ್ಮನಾಗುವುದಿಲ್ಲ. ಚಳಿಯ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟನ್ನು ಬಿಚ್ಚಿ ಮತ್ತೆ ಕಟ್ಟಬೇಕೆಂದು ವಿಧಿಸುತ್ತದೆ. ಕಟ್ಟುವುದೊಂದು ವಿದ್ಯೆಯಾದರೆ ಬಿಚ್ಚುವುದೂ ಅದರ ಅರ್ಧಭಾಗವೆಂಬುದು ಇದರ ತಾತ್ಪರ್ಯ. ನಮ್ಮ ಹಳ್ಳಿಗಳ ನಾಟಿ ವೈದ್ಯರಲ್ಲಿ ಕೈಗುಣವುಳ್ಳವರೆಂದು ಹೆಸರಾದವರು ಈ ಕ್ರಮವನ್ನು ಪಾಲಿಸಿದವರೇ. ಕಟ್ಟು ಹಾಕಿ ಕಳುಹಿಸಿದ ಮೇಲೆ ಮುಖವನ್ನೇ ನೋಡದವರ ಕೈಯಲ್ಲಿ ಕೆಟ್ಟ ಕೈಕಾಲುಗಳೂ ನಮ್ಮ ಸೀಮೆಯಲ್ಲಿ ಉಂಟು.

ಪಾಶ್ಚಾತ್ಯ ವೈದ್ಯವೂ ಈ ಪಾಠವನ್ನು ಕಷ್ಟದಿಂದಲೇ ಕಲಿತಿದೆ. 1852ರಲ್ಲಿ ಮಾತೈಸನ್ ಎಂಬ ಡಚ್ ಸೇನಾವೈದ್ಯನು ಸುಟ್ಟ ಜಿಪ್ಸಮ್ಮಿನ ಹಿಟ್ಟನ್ನು ಬಟ್ಟೆಗೆ ಉಜ್ಜಿ, ನೀರು ಸೋಕಿದೊಡನೆ ಗಟ್ಟಿಯಾಗುವ ಪಟ್ಟಿಯನ್ನು ಪ್ರಚಾರಕ್ಕೆ ತಂದನು. ಅಂದಿನಿಂದ ಪ್ಲಾಸ್ಟರ್ ಕಟ್ಟು ಲೋಕವನ್ನೆಲ್ಲ ವ್ಯಾಪಿಸಿತು. ಅದರಿಂದ ನೆಟ್ಟಗಾದ ಕೈಕಾಲುಗಳಿಗೆ ಲೆಕ್ಕವಿಲ್ಲ. ಆದರೆ 1881ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ನನು ಒಂದು ದಾರುಣವಾದ ವಿಷಯವನ್ನು ಬರೆದನು. ಮುರಿದ ಕೈಗೆ ಅತಿ ಬಿಗಿಯಾಗಿ ಕಟ್ಟಿದ ಪಟ್ಟಿಯೊಳಗೆ ರಕ್ತಸಂಚಾರವು ನಿಂತು, ಮಾಂಸಖಂಡಗಳು ಸತ್ತು, ಬೆರಳುಗಳು ಹಕ್ಕಿಯ ಉಗುರಿನಂತೆ ಮುದುಡಿ ಶಾಶ್ವತವಾಗಿ ಹಾಗೆಯೇ ಉಳಿಯುತ್ತವೆ. ಮೂಳೆಯೇನೋ ಕೂಡಿರುತ್ತದೆ, ಕೈ ಮಾತ್ರ ಹೋಗಿರುತ್ತದೆ. ಇಂದಿಗೂ ಆ ವಿಕಾರಕ್ಕೆ ಅವನ ಹೆಸರೇ ಇದೆ.

ಹಾವು ಕಚ್ಚಿದವನ ಕಾಲಿಗೆ ಗದ್ದೆಯಲ್ಲಿ ಕೈಗೆ ಸಿಕ್ಕಿದ ಹಗ್ಗದಿಂದ ಬಿಗಿಯುವ ರೂಢಿಯೂ ಇದೇ ಜಾತಿಯದು. ವಿಷವು ಏರದಿರಲೆಂಬುದು ಕಟ್ಟುವವರ ಇಚ್ಛೆ. ಆದರೆ ರಕ್ತವು ನಿಂತ ಅಂಗವು ಕೊಳೆಯಬಹುದು, ಬಿಚ್ಚಿದ ಗಳಿಗೆಯಲ್ಲಿ ವಿಷವು ಒಮ್ಮೆಗೇ ಮೇಲಕ್ಕೆ ನುಗ್ಗಬಹುದು. ಆದುದರಿಂದ ಹಾಗೆ ಬಿಗಿಯದೆ, ಅಂಗವನ್ನು ಅಲುಗಿಸದೆ, ಬೇಗನೆ ಆಸ್ಪತ್ರೆಗೆ ಒಯ್ದು ವಿಷಹಾರಿ ಔಷಧವನ್ನು ಕೊಡಿಸತಕ್ಕದ್ದೆಂದು ವೈದ್ಯರು ಇಂದು ಒಂದೇ ಕಂಠದಿಂದ ಹೇಳುತ್ತಾರೆ. ಸದುದ್ದೇಶವು ಹಗ್ಗದ ಬಿಗಿಯನ್ನು ಒಂದೆಳೆಯಷ್ಟೂ ಸಡಿಲಿಸಲಾರದು.

ಇಷ್ಟರಿಂದ ಕಟ್ಟೇ ಬೇಡವೆಂದು ವಾದಿಸುವುದು ಅವಿವೇಕ. ಹಾಗೆ ವಾದಿಸುವವರೂ ಉಂಟು. ಬಿದ್ದವನು ತಾನೇ ಏಳಲಿ, ನೋವಿನಿಂದಲೇ ದೇಹವು ಗಟ್ಟಿಯಾಗುವುದು, ಆಸರೆ ಕೊಟ್ಟರೆ ಸೋಮಾರಿಯಾಗುತ್ತಾನೆ, ಎಂಬ ಇವರ ಮಾತು ಸ್ವಾತಂತ್ರ್ಯದ ವೇಷವನ್ನು ಧರಿಸಿದ ನಿರ್ದಯೆಯೇ ಸರಿ. ಮುರಿದ ಕೈಯನ್ನು ಕಟ್ಟದೆ ಬಿಟ್ಟರೆ ಅದು ಸ್ವತಂತ್ರವಾಗುವುದಿಲ್ಲ, ಸೊಟ್ಟಗಾಗುತ್ತದೆ. ಪ್ರಶ್ನೆಯಿರುವುದು ಕಟ್ಟಬೇಕೋ ಬೇಡವೋ ಎಂಬಲ್ಲಿ ಅಲ್ಲ. ಕಟ್ಟಿದ ಮೇಲೆ ನಮ್ಮ ಅಧಿಕಾರವೆಷ್ಟು, ಅದು ಎಲ್ಲಿಯವರೆಗೆ, ಎಂಬಲ್ಲಿ.

ಇಲ್ಲಿ ಒಂದು ಮೂಲಭೂತವಾದ ಸಂಗತಿಯನ್ನು ನೆನೆಯಬೇಕು. ಕಟ್ಟು ಮೂಳೆಯನ್ನು ಕೂಡಿಸುವುದಿಲ್ಲ. ಕೂಡಿಸುವುದು ದೇಹವೇ. ಮುರಿದ ಎರಡು ತುದಿಗಳ ನಡುವೆ ಹೊಸ ಮೂಳೆಯನ್ನು ನೇಯುವುದು ಒಳಗಿನ ಜೀವಕೋಶಗಳು. ಕಟ್ಟು ಆ ನೇಯ್ಗೆಯು ಅಲುಗದಂತೆ ಮಗ್ಗವನ್ನು ಹಿಡಿದು ನಿಂತಿರುವ ಕಂಬ ಮಾತ್ರ. ಸೀರೆಯನ್ನು ನೇಯ್ದೆನೆಂದು ಕಂಬವು ಹೇಳಿಕೊಳ್ಳಲಾರದು. ಹಾಗೆಯೇ ಬಿದ್ದವನನ್ನು ನಾನು ಎಬ್ಬಿಸಿದೆನೆಂಬ ಉಪಕಾರಿಯ ಹೆಮ್ಮೆಯಲ್ಲಿ ಅರೆಪಾಲು ಸುಳ್ಳಿದೆ. ಅವನು ಏಳುವುದಕ್ಕೆ ನಾವು ಎಡೆಮಾಡಿಕೊಟ್ಟೆವಷ್ಟೆ. ಕಟ್ಟುವವನ ಅಧಿಕಾರವು ಗಾಯದಿಂದ ಸಾಲವಾಗಿ ಬಂದದ್ದು. ಗಾಯವು ಮಾದೊಡನೆ ಅದು ತೀರಿತು. ಆಮೇಲೂ ಉಳಿದ ಕಟ್ಟು ಆಸರೆಯಲ್ಲ, ಆಕ್ರಮಣ.

ಈ ಮಾತನ್ನು ಇಷ್ಟು ಖಂಡಿತವಾಗಿ ಹೇಳಲು ನನಗೆ ಕಾರಣವುಂಟು. ಕೆಲವು ವರ್ಷಗಳ ಕೆಳಗೆ ಆಷಾಢದ ಮಳೆಯಲ್ಲಿ ನಮ್ಮ ತಾಯಿಯವರು ಹಿತ್ತಿಲ ಕಲ್ಲಿನ ಮೇಲೆ ಜಾರಿ ಬಲಗೈಯನ್ನು ಊರಿ ಬಿದ್ದರು. ಮಣಿಕಟ್ಟಿನ ಮೇಲಿನ ಮೂಳೆ ಮುರಿಯಿತು. ವೈದ್ಯರು ಪ್ಲಾಸ್ಟರ್ ಹಾಕಿ, ಆರು ವಾರಗಳಾದ ಮೇಲೆ ತೆಗೆದು, ಮೂಳೆ ಕೂಡಿದೆ, ಇನ್ನು ಕೈಯನ್ನು ದುಡಿಸಿರಿ, ಬೆರಳು ಮಣಿಕಟ್ಟುಗಳನ್ನು ದಿನವೂ ಆಡಿಸಿರಿ ಎಂದು ಸ್ಪಷ್ಟವಾಗಿ ಹೇಳಿದರು. ಮನೆಗೆ ಬಂದ ಮೇಲೆ ನಾನು ಮಾಡಿದ್ದೇ ಬೇರೆ. ಮತ್ತೆ ಎಲ್ಲಿ ಮುರಿಯುವುದೋ ಎಂಬ ಭಯದಿಂದ ಹಿಗ್ಗುವ ಪಟ್ಟಿಯನ್ನು ತಂದು ಮುಂಗೈಗೆ ಸುತ್ತಿದೆ, ಕೊರಳಿಗೆ ಜೋಲಿಯನ್ನು ಹಾಕಿಸಿದೆ. ನೀರು ಸೇದಬೇಡಿ, ಹಿಟ್ಟು ಕಲಸಬೇಡಿ, ರಂಗೋಲಿಗೆ ಕೂರಬೇಡಿ ಎಂದು ವಿಧಿಸಿದೆ. ಮನೆಯವರೆಲ್ಲರೂ ನನ್ನ ಮಾತೃಭಕ್ತಿಯನ್ನು ಮೆಚ್ಚಿದರು, ನಾನೂ ಮೆಚ್ಚಿಕೊಂಡೆ. ತಾಯಿಯವರು ಒಂದೆರಡು ಬಾರಿ ಬಿಚ್ಚೆಂದರು. ವಯಸ್ಸಾದವರ ಹಟವೆಂದು ನಕ್ಕು ಸುಮ್ಮನಾದೆ.

ಕಾರ್ತಿಕದ ಒಂದು ಸಂಜೆ, ದೀಪ ಹಚ್ಚಲು ಬತ್ತಿಯನ್ನು ಹೊಸೆಯಹೋಗಿ ಬೆರಳು ಮಡಿಯದೆ, ಹತ್ತಿಯನ್ನು ತಟ್ಟೆಯಲ್ಲಿಟ್ಟು ಅವರು ನನ್ನನ್ನು ಕರೆದರು. “ಕೈ ಮುರಿದದ್ದು ಆಷಾಢದಲ್ಲಿ ಕಣಪ್ಪ. ಕೂಡಿಕೊಂಡದ್ದು ಶ್ರಾವಣದಲ್ಲಿ. ಇಂದಿಗೂ ಕಟ್ಟಿದ್ದೀಯಲ್ಲ, ಇದು ನನ್ನ ಕೈಯೋ ನಿನ್ನ ಕೈಯೋ?” ಎಂದರು. ಕೋಪದಿಂದ ಹೇಳಲಿಲ್ಲ, ಲೆಕ್ಕ ಕೇಳುವಂತೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ರಾತ್ರಿ ಯೋಚಿಸಿದಾಗ ತಿಳಿಯಿತು: ಶ್ರಾವಣದವರೆಗೆ ನಾನು ಕಟ್ಟಿದ್ದು ಅವರ ಮೂಳೆಗಾಗಿ, ಅಲ್ಲಿಂದ ಮುಂದೆ ಕಟ್ಟಿದ್ದು ನನ್ನ ನೆಮ್ಮದಿಗಾಗಿ. ಅವರ ಕೈ ಕಟ್ಟಿನೊಳಗೆ ಇದ್ದಷ್ಟು ಹೊತ್ತು ನಾನು ನಿಶ್ಚಿಂತನಾಗಿದ್ದೆ. ದುಡಿಯದ ಕೀಲು ಬಿಗಿಯುತ್ತದೆ, ಎಳೆಯದ ಮಾಂಸಖಂಡ ಸೊರಗುತ್ತದೆ, ಭಾರ ಹೊರದ ಮೂಳೆಯೂ ಸವೆಯುತ್ತದೆ ಎಂಬುದನ್ನು ವೈದ್ಯರು ಹೇಳಿದ್ದರು. ಕೇಳಿಸಿಕೊಂಡಿದ್ದರೂ ನಾನು ಕೇಳಿರಲಿಲ್ಲ.

ಪ್ರೀತಿಯ ಕಟ್ಟನ್ನು ಪರೀಕ್ಷಿಸುವುದು ದ್ವೇಷದ ಕಟ್ಟನ್ನು ಪರೀಕ್ಷಿಸುವುದಕ್ಕಿಂತ ಕಠಿಣ. ದ್ವೇಷದಿಂದ ಕಟ್ಟಿದವನನ್ನು ಲೋಕವು ಪ್ರಶ್ನಿಸುತ್ತದೆ. ಪ್ರೀತಿಯಿಂದ ಕಟ್ಟಿದವನನ್ನು ಹೊಗಳುತ್ತದೆ. ಕಟ್ಟಿಸಿಕೊಂಡವನೂ ಕೃತಜ್ಞತೆಯ ಭಾರದಿಂದ ಬಾಯಿಬಿಡಲಾರದೆ ಹೋಗುತ್ತಾನೆ.

ಮನೆಯಲ್ಲಿ ನಡೆಯುವುದೇ ದೊಡ್ಡ ಪ್ರಮಾಣದಲ್ಲಿ ನಾಡಿನಲ್ಲಿಯೂ ನಡೆಯುತ್ತದೆ. ಯಳಂದೂರು ಎಂದೊಡನೆ ನೆನಪಿಗೆ ಬರುವ ಹೆಸರು ದಿವಾನ್ ಪೂರ್ಣಯ್ಯನವರದು. 1807ರಲ್ಲಿ ಈ ಸೀಮೆಯು ಅವರಿಗೆ ಜಹಗೀರಾಗಿ ಬಂದಿತು. 1799ರಲ್ಲಿ ಟಿಪ್ಪುವು ಮಡಿದ ತರುವಾಯ ಮೈಸೂರಿನ ಸಿಂಹಾಸನದ ಮೇಲೆ ಕುಳಿತ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಬಾಲಕ. ರಾಜ್ಯಭಾರವನ್ನು ಪೂರ್ಣಯ್ಯನವರು ವಹಿಸಿದರು. ಎಳೆಯ ಗಿಡಕ್ಕೆ ಕಟ್ಟಿದ ಊರುಗೋಲಿನಂತಹ ಆಡಳಿತವದು. ರಾಜರಿಗೆ ಹದಿನಾರು ತುಂಬಿದಾಗ, 1811ರ ಸುಮಾರಿಗೆ, ಆ ಕಟ್ಟನ್ನು ಬಿಚ್ಚಲಾಯಿತು. ಬಿಚ್ಚುವಾಗ ಮನಸ್ತಾಪಗಳಿಲ್ಲದಿರಲಿಲ್ಲ. ಆದರೂ ಬಿಚ್ಚುವ ದಿನವೊಂದಿತ್ತು, ಅದು ಬಂದಿತು, ಕಟ್ಟು ಬಿಚ್ಚಿತು. ಮರುವರ್ಷ ಪೂರ್ಣಯ್ಯನವರು ತೀರಿಕೊಂಡರು.

ಇದೇ ಅರಸರಿಗೆ ಎರಡನೆಯ ಕಟ್ಟು ಬಿದ್ದದ್ದು 1831ರಲ್ಲಿ. ನಗರದ ದಂಗೆಯನ್ನೂ ಆಡಳಿತದ ಅವ್ಯವಸ್ಥೆಯನ್ನೂ ಕಾರಣವಾಗಿ ತೋರಿಸಿ ಆಂಗ್ಲರು ರಾಜ್ಯಸೂತ್ರವನ್ನು ತಮ್ಮ ಕೈಗೆ ತೆಗೆದುಕೊಂಡರು. ನಾಡಿಗೆ ಆಗ ಗಾಯವಾಗಿರಲಿಲ್ಲವೆಂದು ನಾನು ಹೇಳುವುದಿಲ್ಲ. ಕಟ್ಟಿನ ಕಾಲದಲ್ಲಿ ರಸ್ತೆ ಸೇತುವೆಗಳಾಗಲಿಲ್ಲವೆಂದೂ ಹೇಳುವುದಿಲ್ಲ. ಆದರೆ ಈ ಕಟ್ಟಿಗೆ ಬಿಚ್ಚುವ ದಿನವನ್ನು ಯಾರೂ ಗೊತ್ತುಮಾಡಿರಲಿಲ್ಲ. ಅರಸರು ಮತ್ತೆ ಮತ್ತೆ ಬೇಡಿದರು. 1868ರಲ್ಲಿ ಅವರು ಕಾಲವಾದಾಗಲೂ ರಾಜ್ಯವು ಕಟ್ಟಿನಲ್ಲಿಯೇ ಇದ್ದಿತು. ಅದನ್ನು ಅವರ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದ್ದು 1881ರಲ್ಲಿ, ಐವತ್ತು ವರ್ಷಗಳಾದ ಮೇಲೆ. ಗಾಯ ಮಾಯಿತೋ ಇಲ್ಲವೋ ಎಂದು ಆ ಐವತ್ತು ವರ್ಷವೂ ತೀರ್ಪು ಹೇಳುತ್ತಿದ್ದವರು ಕಟ್ಟಿದವರೇ, ಕಟ್ಟಿನಿಂದ ಲಾಭವಿದ್ದವರೂ ಅವರೇ. ಕಟ್ಟುವವನೇ ನ್ಯಾಯಾಧೀಶನೂ ಆದಲ್ಲಿ ಗಾಯಗಳು ಬಹು ನಿಧಾನವಾಗಿ ಮಾಯುತ್ತವೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಿಷಯವೂ ಇಲ್ಲಿ ವಿಚಾರಣೀಯ. 1974ರಲ್ಲಿ ಆ ಕಾಡು ವನ್ಯಜೀವಿಧಾಮವಾಯಿತು. ಕಾಡಿಗೆ ಪೆಟ್ಟು ಬಿದ್ದಿದ್ದುದು ನಿಜ, ರಕ್ಷಣೆಯ ಕಟ್ಟು ಬೇಕಾಗಿದ್ದುದೂ ನಿಜ. ಆದರೆ ಆ ಕಟ್ಟಿನ ಸುತ್ತುಗಳೊಳಗೆ ಕಾಡಿನ ಜೊತೆಗೆ ಕಾಡಿನ ಮಕ್ಕಳೂ ಸಿಕ್ಕಿಕೊಂಡರು. ಅವರ ಬೇಸಾಯದ ಕ್ರಮವು ನಿಂತಿತು, ಪೋಡುಗಳು ಕದಲಿದವು. ಹಿಂದೆ ಅವರು ಇಡುತ್ತಿದ್ದ ತರಗಿನ ಬೆಂಕಿಯೂ ನಿಷಿದ್ಧವಾಯಿತು. ಆ ಸಣ್ಣ ಬೆಂಕಿಯಿಲ್ಲದ್ದರಿಂದಲೇ ಲಾಂಟಾನ ಪೊದೆಗಳು ಕಾಡನ್ನು ಮುಸುಕಿದವು, ನೆಲ್ಲಿಯ ಮರಗಳಿಗೆ ಬದನಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತ ಬಂದರು. ಸಂಶೋಧಕರೂ ಆ ಮಾತಿಗೆ ಕಿವಿಗೊಟ್ಟದ್ದು ಬಹಳ ತಡವಾಗಿ. 2011ರಲ್ಲಿ ಕಾಡು ಹುಲಿಧಾಮವಾಯಿತು. ಅದೇ ವರ್ಷ ಅರಣ್ಯಹಕ್ಕು ಕಾಯಿದೆಯ ಮೇರೆಗೆ ಅಲ್ಲಿನ ಸೋಲಿಗರ ಸಾಮುದಾಯಿಕ ಹಕ್ಕುಗಳೂ ಮಾನ್ಯವಾದವು. ಕಟ್ಟನ್ನು ಕಿತ್ತೆಸೆಯಲಿಲ್ಲ, ಒಳಗಿದ್ದವರ ಮಾತನ್ನು ಕೇಳಿ ಒಂದೆರಡು ಸುತ್ತು ಸಡಿಲಿಸಲಾಯಿತು. ಆ ಸಡಿಲಿಕೆಯು ಸಾಲದೆನ್ನುವವರೂ ಉಂಟು, ಹೆಚ್ಚಾಯಿತೆನ್ನುವವರೂ ಉಂಟು. ಕೇಳದೆ ಕಟ್ಟಿದ್ದಕ್ಕಿಂತ ಕೇಳಿ ಸಡಿಲಿಸಿದ್ದು ಮೇಲೆಂಬುದನ್ನು ಇಬ್ಬರೂ ಒಪ್ಪಬಹುದು.

ಈಗ ಒಂದು ಆಕ್ಷೇಪವನ್ನು ಎದುರಿಸಬೇಕು. ಕಟ್ಟಿಸಿಕೊಂಡವನ ಮಾತನ್ನೇ ನಂಬುವುದು ಹೇಗೆ? ಗಾಯ ಮಾಯುವಾಗ ನವೆಯಾಗುತ್ತದೆ, ಮಗುವು ಬಿಚ್ಚೆಂದು ಅಳುತ್ತದೆ. ಬಿಚ್ಚಿದರೆ ಕೂಡುತ್ತಿರುವ ಮೂಳೆ ಮತ್ತೆ ತಪ್ಪುತ್ತದೆ. ಮದ್ಯವನ್ನು ಬಿಡಿಸುವುದಕ್ಕಾಗಿ ಮಗನನ್ನು ಹಿಡಿತದಲ್ಲಿಟ್ಟ ತಂದೆಯು ಮಗನ ಗೋಗರೆತಕ್ಕೆ ಕರಗಬೇಕೋ? ಈ ಆಕ್ಷೇಪವು ಹುರುಳಿಲ್ಲದ್ದಲ್ಲ. ಬಿಗಿಯ ನೋವೂ ಮಾಯುವ ನವೆಯೂ ಹೊರಗಿನಿಂದ ಒಂದೇ ಕೂಗಿನಂತೆ ಕೇಳಿಸುತ್ತವೆ.

ಸಮಾಧಾನವು ವೈದ್ಯರ ಕ್ರಮದಲ್ಲಿಯೇ ಇದೆ. ಅವರು ಕೂಗನ್ನು ನಂಬಿ ಬಿಚ್ಚುವುದಿಲ್ಲ, ಕೂಗನ್ನು ಅಲಕ್ಷ್ಯಮಾಡಿ ಬಿಡುವುದೂ ಇಲ್ಲ, ನೋಡುತ್ತಾರೆ. ಕಾಲಿಗೆ ಪಟ್ಟಿ ಸುತ್ತುವಾಗ ಬೆರಳ ತುದಿಗಳನ್ನು ಹೊರಗೆ ಬಿಡುವುದು ಇದಕ್ಕಾಗಿಯೇ. ಪಾದದಿಂದ ಮೇಲ್ಮುಖವಾಗಿ, ಹಿಂದಿನ ಸುತ್ತಿನ ಅರ್ಧವನ್ನು ಮುಂದಿನ ಸುತ್ತು ಮುಚ್ಚುವಂತೆ ಸುತ್ತಿ, ಉಗುರನ್ನು ಒತ್ತಿ ಬಿಟ್ಟರೆ ಬಿಳುಪಾದ ಬಣ್ಣವು ಎರಡು ಎಣಿಸುವುದರೊಳಗೆ ಕೆಂಪಾಗಬೇಕು. ಆಗದಿದ್ದರೆ, ಬೆರಳು ತಣ್ಣಗಿದ್ದರೆ, ಜುಮ್ಮೆಂದರೆ, ಮರಗಟ್ಟಿದರೆ, ಮರುಮಾತಿಲ್ಲದೆ ಬಿಚ್ಚತಕ್ಕದ್ದು. ಸಾಧಾರಣವಾದ ಉಳುಕಿಗೆ ಅಂಗವನ್ನು ಬಹುದಿನ ಅಲುಗದಂತಿಡುವುದಕ್ಕಿಂತ, ಆಸರೆಯ ಪಟ್ಟಿಯೊಡನೆಯೇ ಬೇಗ ಬೇಗ ಚಲನೆಗೆ ತರುವುದು ಉತ್ತಮವೆಂದು ಈಗಿನ ವೈದ್ಯರು ಕಂಡುಕೊಂಡಿದ್ದಾರೆ. ಬಿಚ್ಚುವುದೆಂದರೆ ಕೈಬಿಡುವುದಲ್ಲ. ಬಿಚ್ಚಿ ನೋಡಿ, ಬೇಕಾದರೆ ಮತ್ತೆ ಕಟ್ಟಬಹುದು. ಆ ಎರಡನೆಯ ಕಟ್ಟು ಮೊದಲಿನದಕ್ಕಿಂತ ನ್ಯಾಯವಾದುದು, ಏಕೆಂದರೆ ಅದು ನೋಡಿ ಕಟ್ಟಿದ್ದು. ಮಗನನ್ನು ಹಿಡಿತದಲ್ಲಿಟ್ಟ ತಂದೆಗೂ ಇದೇ ಉತ್ತರ. ಹಿಡಿತವು ಎಂದಿನವರೆಗೆಂಬುದನ್ನು ಮೊದಲೇ ಹೇಳಲಿ. ಆಗಾಗ ಸಡಿಲಿಸಿ ನೋಡಲಿ. ನೋಡುವಾಗ ತನ್ನ ಕಣ್ಣನ್ನೊಂದೇ ನಂಬದೆ, ಹಿಡಿತದಿಂದ ಏನನ್ನೂ ಪಡೆಯದ ಮತ್ತೊಬ್ಬರ ಕಣ್ಣನ್ನೂ ಕರೆಯಲಿ.

ತಾಳಬೆಟ್ಟದ ಆ ಅಪರಿಚಿತನ ವಿಷಯಕ್ಕೆ ಮರಳೋಣ. ಅವನಿಗೆ ದೋಷವನ್ನು ಹೊರಿಸುವುದು ನನಗೆ ಒಪ್ಪಿಗೆಯಿಲ್ಲ. ದಾರಿಹೋಕನು ಗಾಯಾಳುವಿನ ಜೊತೆಗೆ ಕೊನೆಯವರೆಗೂ ಇರಲಾರನು. ಆದರೆ ಹೊರಡುವ ಮುನ್ನ ಒಂದು ಮಾತನ್ನು ಹೇಳಬಹುದಾಗಿತ್ತು: ಅಣ್ಣಾ, ಬೆರಳು ಜುಮ್ಮೆಂದರೆ ನೀನೇ ಬಿಚ್ಚಿಬಿಡು. ಕಟ್ಟಿನ ಜೊತೆಗೆ ಬಿಚ್ಚುವ ಅಧಿಕಾರವನ್ನೂ ಕಟ್ಟಿಸಿಕೊಂಡವನ ಕೈಗೇ ಕೊಟ್ಟು ಹೋದವನ ಉಪಕಾರವು ಪೂರ್ಣವಾದುದು. ಜೊತೆಗಿರುವ ನಮ್ಮಂಥವರಿಗಾದರೋ ಅಷ್ಟೇ ಸಾಲದು. ಪ್ರತಿದಿನವೂ ಬೆರಳ ತುದಿಯನ್ನು ಮುಟ್ಟಿ ನೋಡುವ ಹೊಣೆಯೂ ನಮ್ಮದು.

ನಮ್ಮ ತಾಯಿಯವರ ಕೈಯಿಂದ ಆ ಪಟ್ಟಿಯನ್ನು ಮರುದಿನ ಬೆಳಗ್ಗೆಯೇ ಬಿಚ್ಚಿದೆ. ಬಿಗಿದ ಕೀಲು ಹದಕ್ಕೆ ಬರಲು ಮುಂದಿನ ಯುಗಾದಿಯವರೆಗೆ ಹಿಡಿಯಿತು. ಕಿರುಬೆರಳು ಇಂದಿಗೂ ಪೂರ್ತಿಯಾಗಿ ಮಡಿಯುವುದಿಲ್ಲ. ಅದು ಮುರಿತದಿಂದ ಆದದ್ದಲ್ಲ, ನನ್ನಿಂದ ಆದದ್ದು. ಸಂಜೆಯ ಹೊತ್ತು ಅವರು ಬಾಳೆಯ ನಾರನ್ನು ನೆನೆಸಿಕೊಂಡು ಜಗಲಿಯ ಮೇಲೆ ಹೂ ಕಟ್ಟುತ್ತಾರೆ. ಒಮ್ಮೆ ನನಗೂ ಕಲಿಸಹೋದರು. ನಾನು ಕಟ್ಟಿದ ಕಡೆ ಕೆಲವು ಹೂವಿನ ತೊಟ್ಟು ಕತ್ತರಿಸಿತು, ಕೆಲವು ಹೂ ಉದುರಿದವು. ನಾರನ್ನು ಎಷ್ಟು ಎಳೆಯಬೇಕೆಂದು ಕೇಳಿದೆ. “ಹೇಳಿದರೆ ಬರೋದಿಲ್ಲ ಮಗು, ಹೂವಿನ ಕಡೆ ನೋಡಿಕೊಂಡು ಎಳಿ” ಎಂದು ಹೇಳಿ, ಉದುರಿದ ಹೂಗಳನ್ನು ಆರಿಸಿಕೊಂಡು ತಾವೇ ಕಟ್ಟತೊಡಗಿದರು.